ಕಡಲ ನಡುವಿನ ತಾಯಿವಂಶ

ಚಾಮರಾಜನಗರ, ಗುಂಡ್ಲುಪೇಟೆಗಳ ಚರಿತ್ರೆಯನ್ನು ಓದುವವರಿಗೆ ಅರಬ್ಬೀ ಸಮುದ್ರದ ದ್ವೀಪಗಳು ಹೊರಗಿನವೆನಿಸಬಹುದು. ಆದರೆ 1787ರಲ್ಲಿ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಮೀನಿ ಸಮೂಹದ ದ್ವೀಪವಾಸಿಗಳು ಟಿಪ್ಪುವಿನ ಆಶ್ರಯವನ್ನು ಬೇಡಿದರು. 1799ರವರೆಗೆ ಅಮೀನಿಯೂ ಗುಂಡ್ಲುಪೇಟೆಯೂ ಒಂದೇ ಮೈಸೂರು ಪ್ರಭುತ್ವಕ್ಕೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಈ ದ್ವೀಪಗಳು 1956ರವರೆಗೂ ಅದರಲ್ಲೇ ಇದ್ದವು. ಅಲ್ಲಿಯ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಇಸ್ಲಾಂ ಧರ್ಮವನ್ನು ಆಚರಿಸುತ್ತಲೇ ದ್ವೀಪವಾಸಿಗಳು ಮನೆತನದ ಆಸ್ತಿಯನ್ನು ತಾಯಿಯ ವಂಶದಲ್ಲಿ ಉಳಿಸಿಕೊಂಡರು. ಅದೇ ಜಿಲ್ಲೆಯ ಜೈನರಲ್ಲಿ ಅನೇಕರು ಅಳಿಯಸಂತಾನವನ್ನು ಪಾಲಿಸಿದರು. ಧರ್ಮ ಬೇರೆಯಾದರೂ ಕುಟುಂಬದ ಕಟ್ಟು ಒಂದೇ ಬಗೆಯದು. ಇವೆರಡನ್ನು ಜೊತೆಗಿರಿಸಿ ನೋಡದ ಅಧ್ಯಯನ ಅಪೂರ್ಣ. ಕನ್ನಡ ನಾಡಿನ ಚರಿತ್ರೆಯನ್ನು ದಡದಲ್ಲೇ ನಿಲ್ಲಿಸುವುದು ಸಲ್ಲದು.