ಫೋಟೋಶಾಪ್ ತೆವಳುತ್ತಿದೆಯೇ?

ಫೋಟೋಶಾಪ್ ನಿಧಾನವಾದರೆ "ಹೊಸ ಕಂಪ್ಯೂಟರ್ ತಗೊಳ್ಳಿ ಸಾರ್" ಎನ್ನುವುದು ಅಂಗಡಿಯವರ ಸಿದ್ಧ ಉತ್ತರ. ಜೇಬಿಗೆ ಕೈ ಹಾಕುವ ಮುಂಚೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ.

ಪುಣೆಯಲ್ಲಿ ನಮ್ಮ ಪಕ್ಕದ ಮನೆಯವರು ಅಪ್ಪ-ಅಮ್ಮನ ಮದುವೆ ಫೋಟೋ ಸರಿಪಡಿಸುತ್ತಿದ್ದರು. ಐವತ್ತನೇ ವಾರ್ಷಿಕೋತ್ಸವಕ್ಕೆ ಹತ್ತೇ ದಿನ. ಬ್ರಷ್ ಎಳೆದರೆ ಗೆರೆ ಮೂಡಲು ಐದು ಸೆಕೆಂಡ್. ನೋಡಿದರೆ ಸಿಪಿಯು ಆರಾಮಾಗಿದೆ, ಮೆಮೊರಿ ತುಂಬಿದೆ, ಡಿಸ್ಕ್ 100% ತೋರಿಸುತ್ತಿದೆ. ರ‍್ಯಾಮ್ ಸಾಲದಾದಾಗ ಫೋಟೋಶಾಪ್ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತದೆ; ಸ್ಕ್ರ್ಯಾಚ್ ಡಿಸ್ಕ್ ಅಂದರೆ ಇದೇ. ಇವರದೋ ತಿರುಗುವ ಹಳೇ ಹಾರ್ಡ್ ಡಿಸ್ಕ್.

ಆದರೆ ನಿಜವಾದ ಭಾರ ಸ್ಕ್ಯಾನಿನದು. 6×4 ಇಂಚಿನ ಫೋಟೋ, 1200 ಡಿಪಿಐ! ಆರ್‌ಜಿಬಿಯಲ್ಲಿ ಒಂದು ಲೇಯರಿಗೇ ಸುಮಾರು 104 ಎಂಬಿ, ಪ್ರತಿ ನಕಲು ಲೇಯರಿಗೂ ಮತ್ತಷ್ಟೇ. 600ಕ್ಕೆ ಇಳಿಸಿದರೆ 26 ಎಂಬಿ. ಹಳೇ ಪ್ರಿಂಟುಗಳಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುವುದೂ ಅಪರೂಪ. ಇಳಿಸಿದೆವು; ಸ್ಕ್ರ್ಯಾಚ್ ಡಿಸ್ಕನ್ನು ಅವರಲ್ಲೇ ಇದ್ದ ಎಸ್‌ಎಸ್‌ಡಿಗೆ ಬದಲಿಸಿದೆವು. ಬ್ರಷ್ ಕೈಯ ಜೊತೆಗೇ ಓಡತೊಡಗಿತು.

ಪ್ರೆಫರೆನ್ಸಸ್‌ನಲ್ಲಿ ಮೆಮೊರಿ ಪಾಲನ್ನು 100%ಗೆ ಏರಿಸುವ ಆಸೆ ಬೇಡ, ವಿಂಡೋಸಿಗೂ ಜಾಗ ಬೇಕಲ್ಲ. ಮೂಲ ಸ್ಕ್ಯಾನನ್ನು ಮಾತ್ರ ಅಳಿಸದೆ ಬೇರೊಂದು ಡ್ರೈವಿನಲ್ಲಿಡಿ. ಇವರ ಊರಿನ ಮನೆಯಲ್ಲಿ ಪ್ರಿಂಟಿಗೆ ಆಗಲೇ ಗೆದ್ದಲು ಹತ್ತಿದೆ.