ಸೈಕಲ್ ಪಥವೂ ನಿಂತ ಕಾರೂ

ಮೂವತ್ತು ವರ್ಷ ಸೈಕಲ್ಲಿನಲ್ಲಿಯೇ ಶಾಲೆಗೆ ಹೋಗಿಬಂದವನು ನಾನು. ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಸೈಕಲ್ ಪಥಗಳು ಉದ್ಘಾಟನೆಗೊಂಡಾಗ ಬಹಳ ಹಿಗ್ಗಿದ್ದೆ. ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. ಪಥದ ಮೇಲೆ ಕಾರುಗಳು ಬಂದು ನಿಂತವು. ಒಂದು ಸಂಜೆ ಅಲ್ಲಿ ಕಂಡದ್ದನ್ನು ಮರೆಯಲಾರೆ. ಬೆನ್ನಿಗೆ ಚೀಲ ಹೊತ್ತ ಹುಡುಗನೊಬ್ಬ, ನಿಂತ ಕಾರನ್ನು ತಪ್ಪಿಸಲು ಥಟ್ಟನೆ ಮುಖ್ಯರಸ್ತೆಗೆ ಹೊರಳಿದ. ಹಿಂದೆ ಬರುತ್ತಿದ್ದ ವ್ಯಾನು ಕಿರ್ರನೆ ನಿಂತಿತು. ಬೈಸಿಕೊಂಡವನು ಮಾತ್ರ ಹುಡುಗನೇ!

ಹೀಗೆ ನಡುನಡುವೆ ಕಡಿದುಹೋಗುವ ಪಥಕ್ಕಿಂತ ಪಥವಿಲ್ಲದಿರುವುದೇ ಮೇಲೆಂದು ನನಗೆ ತೋರುತ್ತದೆ. ಪಥವಿಲ್ಲದ ರಸ್ತೆಯಲ್ಲಿ ಸವಾರನು ಮೊದಲಿನಿಂದಲೂ ಚಾಲಕನ ಕಣ್ಣೆದುರಿಗಿರುತ್ತಾನೆ; ಪಥದಿಂದ ಹೊರಬೀಳುವವನು ಆಕಾಶದಿಂದ ಉದುರಿದಂತೆ ಬರುತ್ತಾನೆ. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಪಥ ಮಾಡಿದರು. ಗೂಟಗಳ ಒಳಗೂ ಬೈಕುಗಳು ನುಗ್ಗಿದವು.

ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವಾಗಿರಲಿಲ್ಲ. 1971ರೊಂದೇ ವರ್ಷ ಅಲ್ಲಿನ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ತಂದೆತಾಯಿಯರು ಬೀದಿಗಿಳಿದರು. ಕ್ರಮೇಣ ದೊಡ್ಡ ರಸ್ತೆಗಳ ಪಕ್ಕದಲ್ಲಿ ಕಲ್ಲಿನ ಅಂಚು ಕಟ್ಟಿ ಬೇರ್ಪಡಿಸಿದ ಸೈಕಲ್ ದಾರಿಗಳು ಬಂದವು. ನಮ್ಮ ಎಂಜಿನಿಯರುಗಳಿಗೆ ಇದು ತಿಳಿಯದ್ದೇನಲ್ಲ. ಆ ಅಂಚುಗಲ್ಲಿಗಾಗಿ ಕಾರು ನಿಲ್ಲಿಸುವ ಜಾಗವನ್ನು ಬಿಟ್ಟುಕೊಡಿರೆಂದು ನಮ್ಮನ್ನು ಕೇಳುವ ಧೈರ್ಯ ಯಾರಿಗಿದೆ? ನನ್ನ ಮಗನ ಕಾರೂ ಬೀದಿಯಲ್ಲಿಯೇ ನಿಲ್ಲುತ್ತದೆ.