ಶಾಸನವೂ ಶಾಸಕನ ಮನೆಯೂ

ಸಭೆಯಲ್ಲಿ ನ್ಯಾಯದ ಪರವಾಗಿ ಕೈಯೆತ್ತುವುದು ಸುಲಭ; ಅದೇ ನ್ಯಾಯವನ್ನು ಸ್ವಂತ ಮನೆಯ ಹೊಸ್ತಿಲೊಳಗೆ ಬರಮಾಡಿಕೊಳ್ಳುವುದು ಕಷ್ಟ. ಅಮೆರಿಕವು ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ರೋಡ್ ಐಲೆಂಡಿನ ಶಾಸನಸಭೆಯಲ್ಲಿ ಕುಳಿತ ಸ್ಟೀಫನ್ ಹಾಪ್‌ಕಿನ್ಸ್ ಎಂಬಾತನ ಜೀವನವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

1707ರಲ್ಲಿ ಜನಿಸಿದ ಹಾಪ್‌ಕಿನ್ಸನು ರೈತನ ಮಗ. ಶಾಲೆಯ ವಿದ್ಯೆ ಆತನಿಗೆ ದಕ್ಕಲಿಲ್ಲವೆಂದೇ ಹೇಳಬೇಕು. ಮನೆಯಲ್ಲಿದ್ದ ಪುಸ್ತಕಗಳೇ ಆತನ ಗುರುಗಳು. ಹೊಲದ ದುಡಿಮೆಯ ಜೊತೆಗೆ ಭೂಮಾಪನದ ಕೆಲಸವನ್ನೂ ಕಲಿತು, 1732ರಲ್ಲಿ, ಇಪ್ಪತ್ತೈದರ ಹರೆಯದಲ್ಲಿಯೇ, ತನ್ನ ಊರಾದ ಸಿಚುಯೇಟಿನ ಪ್ರತಿನಿಧಿಯಾಗಿ ಶಾಸನಸಭೆಯನ್ನು ಪ್ರವೇಶಿಸಿದನು. ಮುಂದೆ ಪ್ರಾವಿಡೆನ್ಸ್ ಪಟ್ಟಣಕ್ಕೆ ಬಂದು ನೆಲೆಸಿ, ಹಡಗುಗಳನ್ನು ಹೂಡಿ ವರ್ತಕನಾದನು. ಸಭಾಧ್ಯಕ್ಷ, ಮುಖ್ಯ ನ್ಯಾಯಾಧೀಶ, ಗವರ್ನರ್ ಪದವಿಗಳು ಒಂದೊಂದಾಗಿ ಆತನನ್ನರಸಿ ಬಂದವು. ಸ್ವಪ್ರಯತ್ನದಿಂದ ಮೇಲೆ ಬಂದ ಇಂತಹವನನ್ನು ಮೆಚ್ಚದವರಾರು?

ಬ್ರಿಟಿಷ್ ಪಾರ್ಲಿಮೆಂಟು 1764ರಲ್ಲಿ ಸಕ್ಕರೆ ಮತ್ತು ಕಾಕಂಬಿಯ ಮೇಲೆ ಸುಂಕ ವಿಧಿಸಿದಾಗ, ವಸಾಹತುಗಳ ಹಕ್ಕನ್ನು ಪ್ರತಿಪಾದಿಸಿ ಹಾಪ್‌ಕಿನ್ಸನು ಒಂದು ಕಿರುಹೊತ್ತಗೆಯನ್ನು ಬರೆದನು. ಅನ್ಯರ ಇಚ್ಛೆಗೆ ಒಳಪಟ್ಟು, ತಮ್ಮ ಸಮ್ಮತಿಯಿಲ್ಲದೆ ತೆರಿಗೆ ತೆರುವವರ ಸ್ಥಿತಿ ಗುಲಾಮರ ಸ್ಥಿತಿಯೇ ಸರಿ ಎಂಬುದು ಅದರ ತಾತ್ಪರ್ಯ. ಆದರೆ ಆ ಕಾಕಂಬಿಯಾದರೂ ಎಂಥದು? ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬಂದದ್ದು. ರೋಡ್ ಐಲೆಂಡಿನ ವರ್ತಕರು ಅದರಿಂದ ರಮ್ ಮದ್ಯವನ್ನು ಇಳಿಸಿ, ಆಫ್ರಿಕದ ಕರಾವಳಿಗೆ ಒಯ್ದು, ಅದನ್ನು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಅದೇ 1764ರಲ್ಲಿ ಪ್ರಾವಿಡೆನ್ಸಿನಿಂದ ಹೊರಟ ‘ಸ್ಯಾಲಿ’ ಎಂಬ ಹಡಗಿನ ನಾಯಕನು ಹಾಪ್‌ಕಿನ್ಸನ ಸ್ವಂತ ತಮ್ಮನಾದ ಎಸೆಕ್. ಆ ಯಾನದಲ್ಲಿ ಕೊಂಡ 196 ಮಂದಿ ಆಫ್ರಿಕನ್ನರಲ್ಲಿ ಕನಿಷ್ಠ 109 ಮಂದಿ ಪ್ರಾಣ ಕಳೆದುಕೊಂಡರು.

ಹಾಪ್‌ಕಿನ್ಸನ ಮನೆಯಲ್ಲಿಯೂ ಗುಲಾಮರಿದ್ದರು. ಆತ ಸೇರಿದ್ದ ಕ್ವೇಕರ್ ಪಂಥದವರು ಅವರನ್ನು ಬಿಡುಗಡೆ ಮಾಡಬೇಕೆಂದು ಒತ್ತಾಯಿಸಿದರು. ಒಬ್ಬಾತನಿಗೆ ಬಿಡುಗಡೆ ದೊರೆಯಿತು. ಆದರೆ ಒಬ್ಬ ಹೆಂಗಸನ್ನು ಬಿಡಲು ಹಾಪ್‌ಕಿನ್ಸನು ಒಪ್ಪಲಿಲ್ಲ. 1773ರಲ್ಲಿ ಪಂಥವು ಆತನನ್ನೇ ಹೊರಗೆ ಹಾಕಿತು. ಮರುವರ್ಷವೇ, 1774ರಲ್ಲಿ, ರೋಡ್ ಐಲೆಂಡಿಗೆ ಗುಲಾಮರನ್ನು ತರುವುದನ್ನು ನಿಷೇಧಿಸುವ ಮಸೂದೆಯನ್ನು ಶಾಸನಸಭೆಯಲ್ಲಿ ಮಂಡಿಸಿದವನೂ ಇದೇ ಹಾಪ್‌ಕಿನ್ಸ್! ಮಸೂದೆ ಅಂಗೀಕೃತವಾಯಿತು. ಆದರೆ ಅದರಲ್ಲಿ ವರ್ತಕರಿಗೆ ವಿನಾಯಿತಿಗಳಿದ್ದವು. ಮೊದಲೇ ಗುಲಾಮರಾಗಿದ್ದವರಿಗೆ ಅದರಿಂದ ಬಿಡುಗಡೆಯಾಗಲಿಲ್ಲ. 1776ರಲ್ಲಿ ಸ್ವಾತಂತ್ರ್ಯದ ಘೋಷಣಾಪತ್ರಕ್ಕೆ ಈ ವೃದ್ಧನು ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು ಸಹಿ ಮಾಡಿದನೆಂದು ಹೇಳುತ್ತಾರೆ. 1785ರಲ್ಲಿ ಆತನು ಕಾಲವಾದನು.

ಹಾಗಾದರೆ ಇಂತಹವನನ್ನು ಕಪಟಿಯೆಂದು ತಳ್ಳಿಬಿಡೋಣವೇ? ಅದು ಸಲ್ಲದೆಂದು ನಮ್ಮ ಅಭಿಪ್ರಾಯ. ದೋಷವುಳ್ಳವನು ಮಾಡಿದ ಶಾಸನವಾದರೂ ಶಾಸನವೇ. ಮುಂದೆ 1784ರಲ್ಲಿ ಅದೇ ರೋಡ್ ಐಲೆಂಡು, ಆ ಬಳಿಕ ಗುಲಾಮ ತಾಯಂದಿರಿಗೆ ಹುಟ್ಟುವ ಮಕ್ಕಳು ಸ್ವತಂತ್ರರೆಂದು ಸಾರಿತು. ಆದರೆ ಶಾಸನವನ್ನು ಹೊಗಳುವ ಭರದಲ್ಲಿ ಮನೆಯೊಳಗೆ ಉಳಿದುಹೋದ ಆ ಹೆಂಗಸನ್ನು ಮರೆಯುವುದೂ ಸಲ್ಲದು. ಸಭೆಯ ದಾಖಲೆಯಲ್ಲಿ ಆಕೆಗೆ ಮತವಿರಲಿಲ್ಲ. ಶಾಸನದ ನಿಜವಾದ ಬೆಲೆಯನ್ನು ಬಲ್ಲವಳು ಮಾತ್ರ ಆಕೆಯೇ.

ದೂರದೇಶದ ಈ ಕಥೆಯಿಂದ ನಮಗೇನು ಎಂದು ವಾಚಕರು ಕೇಳಬಹುದು. ನಮ್ಮವರಲ್ಲಿ ಅನೇಕರು ಎಳೆಯ ಪ್ರಾಯದಲ್ಲಿಯೇ ಊರು ಬಿಟ್ಟು ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಅವರಲ್ಲಿ ಕೆಲವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಧಣಿಗಳೂ ಆದರು. ಹೋಟೆಲುಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ನಿಷೇಧ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. 2016ರ ತಿದ್ದುಪಡಿಯು ಅದನ್ನು ಸಕಲ ಉದ್ಯೋಗಗಳಿಗೂ ವಿಸ್ತರಿಸಿತು. ಅದನ್ನು ಮೆಚ್ಚಿ ಮಾತನಾಡದವರಿಲ್ಲ. ಆದರೆ ಊರಿನಿಂದ ಬಂದ ಬಡ ಹುಡುಗನೊಬ್ಬನು ಅಡುಗೆಮನೆಯ ಹಿಂಬದಿಯಲ್ಲಿ ಕಾಣಿಸಿಕೊಂಡಾಗ, ‘ಪಾಪ, ಇವನ ಹೊಟ್ಟೆಗಾದರೂ ಆಯಿತಲ್ಲ’ ಎಂದು ಕಣ್ಣು ಮುಚ್ಚಿಕೊಳ್ಳುವವರೂ ನಮ್ಮಲ್ಲಿ ಇಲ್ಲದಿಲ್ಲ. ಅದನ್ನು ಕಂಡೂ ಸುಮ್ಮನಿರುವ ಗುಮಾಸ್ತನೂ ಈ ಪಾಲಿನಿಂದ ಹೊರತಲ್ಲ.

ಶಾಸನವು ರಾಜಧಾನಿಯಲ್ಲಿ ಹುಟ್ಟುತ್ತದೆ. ಬದುಕುವುದೋ ಸಾಯುವುದೋ ಪಾತ್ರೆ ತೊಳೆಯುವ ಕಟ್ಟೆಯ ಬಳಿ. ಹಾಪ್‌ಕಿನ್ಸನು ಹಿಂಜರಿದ ಹೊಸ್ತಿಲನ್ನು ನಾವಾದರೂ ದಾಟೋಣ.